30 ಮಿ.ಮೀ. ಲೋವರಿಂಗ್ ಸ್ಪ್ರಿಂಗ್‌ಗೆ ಹೊಂದುವ, ಕೈಗೆಟುಕುವ ಶಾಕ್ ಯಾವುದು?

ತಗ್ಗುಗಾಡಿ:

ಎಲ್ಲರಿಗೂ ನಮಸ್ಕಾರ. ಗಾಡಿ ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕು ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಸೇರಿಸುವ ಅಡ್ಡ ತೊಲೆ). ಹಿಂದಿನ ಸ್ಪ್ರಿಂಗು, ಶಾಕು ಬೇರೆ ಬೇರೆ ಕೂತಿವೆ. ಶಾಕ್‌ಗಳು ಕಂಪನಿಯಿಂದ ಬಂದವೇ, 80,000 ಕಿ.ಮೀ. ಓಡಿವೆ, ಎಣ್ಣೆ ಸೋರಿಕೆ ಇಲ್ಲ. ಲೋವರಿಂಗ್ ಸ್ಪ್ರಿಂಗ್ ಸೆಟ್ ಆಗಲೇ ತಗೊಂಡಾಗಿದೆ: ಮುಂದೆ 30 ಮಿ.ಮೀ., ಹಿಂದೆ 25 ಮಿ.ಮೀ. ಇಳಿಸುತ್ತೆ. ಮುಂದಿನ ಸ್ಪ್ರಿಂಗ್ ರೇಟ್ (ಒಂದು ಮಿ.ಮೀ. ಕುಗ್ಗಿಸೋಕೆ ಬೇಕಾದ ಬಲ) ಮಿ.ಮೀ.ಗೆ 25 ನ್ಯೂಟನ್, ಕಂಪನಿಯದು 20. ಹಿಂದಿನದು 27, ಕಂಪನಿಯದು 22. ಎಲ್ಲವೂ ಲೀನಿಯರ್, ಅಂದ್ರೆ ಎಷ್ಟು ಕುಗ್ಗಿದ್ರೂ ರೇಟ್ ಬದಲಾಗಲ್ಲ.

ಹಳೇ ಶಾಕ್ ಮೇಲೆಯೇ ಈ ಸ್ಪ್ರಿಂಗ್ ಹಾಕಿದ್ರೆ ಏನಾಗುತ್ತೆ? ಹೊಸದು ತಗೊಳ್ಳೋದೇ ಆದ್ರೆ ದುಬಾರಿ ಸ್ಪೋರ್ಟ್ ಶಾಕ್‌ಗೆ ಬಜೆಟ್ ಇಲ್ಲ, ಮಧ್ಯಮ ದರದಲ್ಲಿ ಯಾವ ಥರದ್ದು ನೋಡ್ಬೇಕು? ಎಷ್ಟು ಗಟ್ಟಿ ಬೇಕು ಅಂತ ಲೆಕ್ಕ ಹಾಕೋಕೆ ದಾರಿ ಇದ್ಯಾ? ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗುವ ಮೊದಲು ತಡೆಯುವ ಮೆತ್ತೆ) ಕತ್ತರಿಸಿ ಅಂತ ಕೆಲವರು, ಮುಟ್ಟಲೇಬೇಡಿ ಅಂತ ಕೆಲವರು. ಇನ್ನೂ ಒಂದು: ಹೆಚ್ಚುಕಮ್ಮಿ ಇದೇ ದುಡ್ಡಿಗೆ ಅಗ್ಗದ ಕಾಯಿಲ್‌ಓವರ್ ಕಿಟ್ಟೇ (ಎತ್ತರ ಅಡ್ಜಸ್ಟ್ ಆಗುವ ಸ್ಪ್ರಿಂಗ್-ಶಾಕ್ ಸೆಟ್) ಸಿಗುತ್ತಲ್ಲ, ಅದು ವಾಸಿಯಾ?

ಸ್ಪ್ರಿಂಗ್‌ರೇಟ್:

ಗಟ್ಟಿತನದ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ, ಯಾಕಂದ್ರೆ ಜನ ಜಾಸ್ತಿ ದುಡ್ಡು ಸುರಿಯೋದು ಅಲ್ಲೇ.

ಗಾಡಿಯ ಭಾರ ಹೊರೋದು ಸ್ಪ್ರಿಂಗ್. ಶಾಕ್ ಭಾರ ಹೊರಲ್ಲ. ಸ್ಪ್ರಿಂಗ್ ಕುಗ್ಗಿ ಹಿಂದಕ್ಕೆ ಚಿಮ್ಮುವಾಗ ಆ ಶಕ್ತಿಯನ್ನ ಎಣ್ಣೆಯಲ್ಲಿ ಬಿಸಿ ಮಾಡಿ ಕಳೆಯೋದಷ್ಟೇ ಅದರ ಕೆಲಸ. ಹಾಗಾಗಿ "ಶಾಕ್ ಗಟ್ಟಿ ಹಾಕಿದ್ರೆ ಗಾಡಿ ಕೆಳಗೆ ತಾಕಲ್ಲ" ಅನ್ನೋ ಮಾತನ್ನ ಪಕ್ಕಕ್ಕಿಡಿ. ಸ್ಪ್ರಿಂಗ್ ಗಟ್ಟಿಯಾದಾಗ ನಿಜವಾಗಿ ಹೆಚ್ಚಬೇಕಾದದ್ದು ರೀಬೌಂಡ್, ಅಂದ್ರೆ ರಾಡ್ ಹೊರಕ್ಕೆ ಬರುವಾಗಿನ ತಡೆ.

ಎಷ್ಟು ಹೆಚ್ಚಬೇಕು? ಬೇಕಾಗುವ ಡ್ಯಾಂಪಿಂಗ್ (ಶಾಕ್ ಒಡ್ಡುವ ತಡೆ) ಸ್ಪ್ರಿಂಗ್ ರೇಟ್‌ನ ವರ್ಗಮೂಲದ ಲೆಕ್ಕದಲ್ಲಿ ಏರುತ್ತೆ. ನಿಮ್ಮ ಮುಂದಿನ ರೇಟ್ 20ರಿಂದ 25ಕ್ಕೆ, ಅಂದ್ರೆ 1.25 ಪಟ್ಟು. ಅದರ ವರ್ಗಮೂಲ 1.118. ಹಿಂದೆ 22ರಿಂದ 27ಕ್ಕೆ, 1.23 ಪಟ್ಟು, ವರ್ಗಮೂಲ 1.11. ಹೊಸದಾಗಿದ್ದಾಗಿನ ಕಂಪನಿ ಶಾಕ್‌ಗಿಂತ ಶೇ. 11–12ರಷ್ಟು ಜಾಸ್ತಿ ರೀಬೌಂಡ್ ಸಿಕ್ಕರೆ ಗಾಡಿ ಮೊದಲಿನಷ್ಟೇ ಹದವಾಗಿ ನಿಲ್ಲುತ್ತೆ. ಸ್ವಲ್ಪ ಬಿಗಿ ಬೇಕು ಅನ್ನೋರಿಗೆ ಶೇ. 20–30. ಅದಕ್ಕಿಂತ ಮೇಲೆ ಈ ಸ್ಪ್ರಿಂಗ್‌ಗೆ ದಂಡ.

ಈಗ ನಿಮ್ಮ ಹಳೇ ಶಾಕ್. ಸೋರಿಲ್ಲ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ. 80,000 ಕಿ.ಮೀ. ಹೊತ್ತಿಗೆ ಪಿಸ್ಟನ್ ಸೀಲು, ವಾಲ್ವ್ ಪದರ, ಎಣ್ಣೆ ಎಲ್ಲ ಸವೆದು ತಡೆ ಕಮ್ಮಿಯಾಗಿರುತ್ತೆ; ಮೆಲ್ಲಗೆ ಕಮ್ಮಿಯಾಗಿರೋದ್ರಿಂದ ಓಡಿಸೋರಿಗೆ ಗೊತ್ತಾಗಿರಲ್ಲ. ಅದರ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದ್ರೆ ಹಂಪ್ ದಾಟಿದ ಮೇಲೆ ಮೂತಿ ಎರಡು ಮೂರು ಸಲ ಏಳುತ್ತೆ, ಬಿಡುವಿಲ್ಲದ ಸಣ್ಣ ಕುಲುಕಾಟ ಶುರುವಾಗುತ್ತೆ. ಬಾನೆಟ್ ಒತ್ತಿ ಬಿಟ್ಟು ನೋಡುವ ಪರೀಕ್ಷೆ ಪೂರ್ತಿ ಸತ್ತ ಶಾಕನ್ನಷ್ಟೇ ಹಿಡಿಯುತ್ತೆ, ಅರೆಜೀವ ಇರೋದನ್ನ ಹಿಡಿಯಲ್ಲ.

ಇನ್ನೊಂದು ಕಡೆಯ ಅಪಾಯವೂ ಇದೆ. ರೀಬೌಂಡ್ ಅತಿಯಾದ್ರೆ ಸಾಲು ಉಬ್ಬುಗಳ ಮೇಲೆ ಚಕ್ರ ಪೂರ್ತಿ ಕೆಳಗಿಳಿಯೋಕೆ ಪುರುಸೊತ್ತೇ ಸಿಗಲ್ಲ. ಒಂದೊಂದು ಉಬ್ಬಿಗೂ ಗಾಡಿ ಇಷ್ಟಿಷ್ಟೇ ತಗ್ಗುತ್ತಾ ಹೋಗಿ ಕೊನೆಗೆ ಬಂಪ್ ಸ್ಟಾಪ್ ಮೇಲೆ ಕೂತುಬಿಡುತ್ತೆ. ಒಳಗೆ ಕೂತವರಿಗೆ ಅದು "ಶಾಕ್ ಕಲ್ಲಿನ ಥರ ಇದೆ" ಅನ್ನಿಸುತ್ತೆ.

ಸಾಮಾನ್ಯ ಕಾರಿನ ಶಾಕ್‌ನಲ್ಲಿ ರೀಬೌಂಡ್ ತಡೆ ಕಂಪ್ರೆಷನ್ (ರಾಡ್ ಒಳಕ್ಕೆ ಹೋಗುವಾಗಿನ) ತಡೆಗಿಂತ ಎರಡು ಮೂರು ಪಟ್ಟು ಇರುತ್ತೆ. ಡೈನೋ ಗ್ರಾಫ್ (ರಾಡಿನ ವೇಗಕ್ಕೆ ತಡೆ ಎಷ್ಟು ಅಂತ ತೋರಿಸೋ ನಕ್ಷೆ) ಸಿಕ್ಕಿದ್ರೆ ಸೆಕೆಂಡಿಗೆ 0.1 ಮೀಟರ್ ಒಳಗಿನ ಭಾಗ ನೋಡಿ. ಬ್ರೇಕ್ ಒತ್ತಿದಾಗ ಮೂತಿ ಬಾಗೋದು, ತಿರುವಿನಲ್ಲಿ ವಾಲೋದು ಎಲ್ಲ ಅಲ್ಲಿ ತೀರ್ಮಾನ ಆಗುತ್ತೆ. 0.3 ದಾಟಿದ ಭಾಗ ಗುಂಡಿ, ಚೂಪು ಅಂಚುಗಳದ್ದು. ಅಲ್ಲಿ ಕಂಪ್ರೆಷನ್ ಗೆರೆ ಕಡಿದಾಗಿ ಏರಿದ್ರೆ ಬೆನ್ನಿಗೆ ಏಟು.

ಗ್ರೀಸ್‌ಕೈ:

ಮೇಲಿನ ಲೆಕ್ಕ ಸರಿ. ಆದ್ರೆ ಲೋವರಿಂಗ್ ಸ್ಪ್ರಿಂಗ್ ಹಾಕಿದ ಗಾಡಿ ಕೆಡೋದು ಡ್ಯಾಂಪಿಂಗ್‌ನಿಂದಕ್ಕಿಂತ ಟ್ರಾವೆಲ್‌ನಿಂದಲೇ (ಚಕ್ರ ಮೇಲೆ ಕೆಳಗೆ ಆಡೋಕೆ ಇರುವ ಜಾಗ) ಹೆಚ್ಚು. ಬ್ರ್ಯಾಂಡ್ ಹೆಸರು ಕೇಳೋ ಮುಂಚೆ ಟೇಪ್ ಹಿಡ್ಕೊಂಡು ಗಾಡಿ ಕೆಳಗೆ ಹೋಗಿ.

ಅಳೆಯಬೇಕಾದ್ದು ಮೂರು. ಈಗಿರುವ ಸ್ಪ್ರಿಂಗ್ ಗಾಡಿಯಲ್ಲಿರುವಾಗಲೇ ಅಳೆದುಬಿಡಿ, ಬಿಚ್ಚಿದ ಮೇಲೆ ಈ ಅಳತೆ ಸಿಗಲ್ಲ.

ಒಂದು, ಬಂಪ್ ಗ್ಯಾಪ್. ಸಮತಟ್ಟು ನೆಲದಲ್ಲಿ, ನಾಲ್ಕೂ ಚಕ್ರ ನೆಲದ ಮೇಲೆ, ಟೈರ್ ಗಾಳಿ ಸರಿಯಿದ್ದು, ಸ್ಟೀರಿಂಗ್ ತಿರುಗಿಸಿ ಸ್ಟ್ರಟ್ ಕಾಣುವಂತೆ ಮಾಡಿ. ರಬ್ಬರ್ ಧೂಳುಕವಚ ಮೇಲಕ್ಕೆ ಸರಿಸಿದ್ರೆ ಹೊಳೆಯೋ ರಾಡ್ ಕಾಣುತ್ತೆ, ಅದರ ಮೇಲ್ತುದೀಲಿ ಹಳದಿ ಅಥವಾ ಕಪ್ಪು ಫೋಮಿನಂಥ ಬಂಪ್ ಸ್ಟಾಪ್ ತೂರಿಕೊಂಡಿರುತ್ತೆ. ಸ್ಟ್ರಟ್ ಬಾಡಿಯ ತಲೆಯಿಂದ ಆ ಬಂಪ್ ಸ್ಟಾಪ್‌ನ ಕೆಳತುದಿಯವರೆಗೆ ಎಷ್ಟು ಮಿ.ಮೀ. ಖಾಲಿ ಇದೆ, ಬರೆದುಕೊಳ್ಳಿ. ಬಂಪ್ ಸ್ಟಾಪ್‌ನ ಉದ್ದವನ್ನೂ ಬರೆದುಕೊಳ್ಳಿ. ಹಿಂದೆ ಅದು ಶಾಕ್ ಒಳಗಿದ್ಯೋ, ಸ್ಪ್ರಿಂಗ್ ಒಳಗೆ ಗಾಡಿಯ ಬಾಡಿಗೆ ಅಂಟಿದ್ಯೋ ನೋಡಿ.

ಎರಡು, ಡ್ರೂಪ್. ಗಾಡಿ ಎತ್ತಿ ಜ್ಯಾಕ್ ಸ್ಟ್ಯಾಂಡ್ ಕೊಟ್ಟು ಚಕ್ರ ಪೂರ್ತಿ ಜೋತಾಡೋಕೆ ಬಿಡಿ. ಆಗ ಮೇಲಿನ ಸ್ಪ್ರಿಂಗ್ ಸೀಟಿನಿಂದ (ಸ್ಪ್ರಿಂಗಿನ ತುದಿ ಕೂರುವ ತಟ್ಟೆ) ಕೆಳಗಿನ ಸೀಟಿಗೆ ಎಷ್ಟು ದೂರ ಅಂತ ಅಳೆಯಿರಿ.

ಮೂರು, ಕೈಲಿರುವ ಹೊಸ ಸ್ಪ್ರಿಂಗಿನ ಬಿಡಿ ಉದ್ದ. ನೆಲದ ಮೇಲೆ ನಿಲ್ಲಿಸಿ ಅಳೆದ್ರೆ ಮುಗೀತು. ಈ ಉದ್ದ ಎರಡನೇ ಅಳತೆಗಿಂತ ಕಮ್ಮಿ ಬಂದ್ರೆ ಗಾಡಿ ಎತ್ತಿದಾಗ, ಅಥವಾ ಗುಂಡಿಗೆ ಚಕ್ರ ಇಳಿದಾಗ ಸ್ಪ್ರಿಂಗ್ ಸಡಿಲ ಆಗುತ್ತೆ. ಟಾರ್ಷನ್ ಬೀಮ್‌ನಲ್ಲಿ ಅದು ಸೀಟು ಬಿಟ್ಟು ಪಕ್ಕಕ್ಕೆ ಜರುಗಬಹುದು, ವಾಪಸ್ ಕೂರುವಾಗ ತಪ್ಪು ಜಾಗದಲ್ಲಿ ಕೂರುತ್ತೆ. ಇದು ಬರೀ ಸದ್ದಿನ ವಿಷಯ ಅಲ್ಲ, ಅಪಾಯ. ಪೂರ್ತಿ ಜೋತಾಗಲೂ ಸ್ಪ್ರಿಂಗ್ 5–10 ಮಿ.ಮೀ. ಆದ್ರೂ ಒತ್ತಿಕೊಂಡಿರಬೇಕು.

ಅಂಕಿ ಹಾಕಿ, ಮುಂದಿನದು ಆಮೇಲೆ.

ತಗ್ಗುಗಾಡಿ:

ಅಳತೆ ಇಲ್ಲಿದೆ. ಮುಂದೆ: ಬಂಪ್ ಗ್ಯಾಪ್ 45 ಮಿ.ಮೀ., ಬಂಪ್ ಸ್ಟಾಪ್ ಉದ್ದ 65, ಪೂರ್ತಿ ಜೋತಾಗ ಸೀಟಿನ ದೂರ 300, ಹೊಸ ಸ್ಪ್ರಿಂಗ್ ಉದ್ದ 310. ಹಿಂದೆ: ಬಂಪ್ ಗ್ಯಾಪ್ 70, ಸೀಟಿನ ದೂರ 252, ಹೊಸ ಸ್ಪ್ರಿಂಗ್ 240. ಹಿಂದಿನ ಬಂಪ್ ಸ್ಟಾಪ್ ಶಾಕ್ ರಾಡಿನ ಮೇಲೇ ಇದೆ.

ಗ್ರೀಸ್‌ಕೈ:

ನಿಮ್ಮ ಗಾಡಿಯಲ್ಲಿ ಮುಂದೆ ಒಂದು ಸಮಸ್ಯೆ, ಹಿಂದೆ ಬೇರೆಯದೇ ಸಮಸ್ಯೆ. ಒಂದೇ ಮದ್ದು ಎರಡಕ್ಕೂ ಆಗಲ್ಲ.

ಮುಂದೆ ಸ್ಪ್ರಿಂಗ್ 310, ಸೀಟು 300, ಹಾಗಾಗಿ 10 ಮಿ.ಮೀ. ಒತ್ತಿಕೊಂಡಿರುತ್ತೆ. ಡ್ರೂಪ್ ಕಡೆ ತೊಂದರೆ ಇಲ್ಲ. ಬಂಪ್ ಕಡೆಗೆ ಬನ್ನಿ. ಸ್ಟ್ರಟ್ ಸ್ವಲ್ಪ ಓರೆಯಾಗಿ ನಿಂತಿರೋದ್ರಿಂದ ಗಾಡಿ 30 ಇಳಿದ್ರೆ ಸ್ಟ್ರಟ್‌ನಲ್ಲಿ ಸುಮಾರು 28. 45ರಲ್ಲಿ 28 ಕಳೆದ್ರೆ ಉಳಿಯೋದು 17 ಮಿ.ಮೀ. ನಿಂತ ಎತ್ತರದಿಂದ ಕೆಳಕ್ಕೆ ಕುಸಿಯುವಾಗ ಸ್ಪ್ರಿಂಗ್ ಹೀರುವ ಶಕ್ತಿ ದೂರದ ವರ್ಗದಂತೆ ಬೆಳೆಯುತ್ತೆ. ಹಾಗಾಗಿ ಸ್ಪ್ರಿಂಗ್ ಶೇ. 25 ಗಟ್ಟಿಯಾದ್ರೂ, ಬಂಪ್ ಸ್ಟಾಪ್ ತಾಕುವ ಮೊದಲು ಅದು ಹೀರೋದು ಮೊದಲಿನದರ ಶೇ. 18 ಮಾತ್ರ. ಮಿಕ್ಕಿದ್ದೆಲ್ಲ ಬಂಪ್ ಸ್ಟಾಪ್ ಪಾಲಿಗೆ. ಸಣ್ಣ ಉಬ್ಬಿಗೂ ತಾಕುತ್ತೆ, ತಿರುವಿನಲ್ಲಿ ಹೊರಬದಿ ಸ್ಟ್ರಟ್ ಅದರ ಮೇಲೇ ಕೂತು ಮುಂದಿನ ಹಿಡಿತ ಥಟ್ಟನೆ ಬಿಡುತ್ತೆ. ಇದನ್ನೇ ಜನ "ಸ್ಪ್ರಿಂಗ್ ಹಾರ್ಡ್, ಶಾಕ್ ಸರಿಯಿಲ್ಲ" ಅಂದುಕೊಂಡು ಇನ್ನೊಂದು ಸೆಟ್ ಶಾಕ್ ತರೋದು.

ಎರಡು ದಾರಿ ಇದೆ. ಮೊದಲನೆಯದು, ಸ್ಟಾಕ್ (ಕಂಪನಿಯದೇ) ಉದ್ದದ ಶಾಕ್ ಹಾಕಿ ಬಂಪ್ ಸ್ಟಾಪ್ 15 ಮಿ.ಮೀ. ಕತ್ತರಿಸೋದು. ಗ್ಯಾಪ್ 32 ಆಗುತ್ತೆ, ಸ್ಪ್ರಿಂಗ್ ಹೀರೋದು ಶೇ. 63ಕ್ಕೆ ಏರುತ್ತೆ. ದಿನದ ಓಡಾಟಕ್ಕೆ ಇದು ಧಾರಾಳ. ಎರಡನೆಯದು, ಬಾಡಿ 25 ಮಿ.ಮೀ. ಗಿಡ್ಡ ಇರುವ ಶಾಕ್. ಬಂಪ್ ಸ್ಟಾಪ್ ಮುಟ್ಟದೆಯೇ ಗ್ಯಾಪ್ 42 ಸಿಗುತ್ತೆ, ಆದ್ರೆ ದರ ಏರುತ್ತೆ.

ಕತ್ತರಿಸುವಾಗ ಕೆಳಗಿನ ಸಣ್ಣ, ಚೂಪು ತುದಿ ಉಳಿಸಿಕೊಳ್ಳಿ. ಮೊದಲು ಮೆತ್ತಗೆ ತಾಕೋದು ಅದೇ. ಅದನ್ನ ಕತ್ತರಿಸಿದ್ರೆ ದಪ್ಪ ಭಾಗ ನೇರವಾಗಿ ಬಡಿಯುತ್ತೆ. ಮೇಲಿನ ದಪ್ಪ ತುದಿಯಲ್ಲಿ ಮಡಿಕೆ ಇರುವ ಕಡೆ ನೇರವಾಗಿ ಕುಯ್ಯಿರಿ, ಕುಯ್ದ ಮೇಲೂ ಅದು ಮೌಂಟ್ ಬಟ್ಟಲಲ್ಲಿ ಬಿಗಿಯಾಗಿ ಕೂರಬೇಕು. ಕೂರಲಿಲ್ಲ ಅಂದ್ರೆ ಕತ್ತರಿಸೋ ಯೋಚನೆ ಬಿಟ್ಟು ಗಿಡ್ಡ ಬಂಪ್ ಸ್ಟಾಪ್ ತನ್ನಿ. ಸ್ಪ್ರಿಂಗ್ ಕಂಪನಿ ತನ್ನ ಕಾಗದದಲ್ಲಿ ಎಷ್ಟು ಕತ್ತರಿಸಬೇಕು ಅಂತ ಕೊಟ್ಟಿದ್ರೆ ಅದೇ ಅಂತಿಮ. ಪೂರ್ತಿ ತೆಗೆದು ಎಸೆಯೋದಂತೂ ಬೇಡವೇ ಬೇಡ: ಪಿಸ್ಟನ್ ತಳದ ವಾಲ್ವಿಗೆ ಬಡಿದು ಶಾಕ್ ಹಾಳಾಗುತ್ತೆ.

ಕತ್ತರಿಸಿದಷ್ಟೂ ಚಕ್ರ ಮೊದಲಿಗಿಂತ ಮೇಲಕ್ಕೆ ಹೋಗಬಲ್ಲದು. ಆದ್ದರಿಂದ ಸ್ಪ್ರಿಂಗ್ ಇಲ್ಲದೆ ಸ್ಟ್ರಟ್ ಮಾತ್ರ ಜೋಡಿಸಿ, ಲೋವರ್ ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು ಬಂಪ್ ಸ್ಟಾಪ್ ಚೆನ್ನಾಗಿ ಜಜ್ಜುವವರೆಗೆ ಚಕ್ರ ಮೇಲೆತ್ತಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರು ಫೆಂಡರಿಗೆ, ಲೈನರಿಗೆ ತಾಕುತ್ತಾ ನೋಡಿ. ಕಾಯಿಲ್ ಬೈಂಡೂ (ಸ್ಪ್ರಿಂಗ್ ಸುತ್ತುಗಳು ಒಂದಕ್ಕೊಂದು ತಾಗಿಬಿಡೋದು) ನೋಡ್ಕೊಳ್ಳಿ. ತಂತಿ ದಪ್ಪ 12 ಮಿ.ಮೀ., 6 ಸುತ್ತು ಇದ್ರೆ ಸ್ಪ್ರಿಂಗ್ 72ಕ್ಕಿಂತ ಕೆಳಗೆ ಕುಗ್ಗಲಾರದು. ಅದಕ್ಕೆ ಮುಂಚೆ ಬಂಪ್ ಸ್ಟಾಪ್ ತಡೆದಿರಬೇಕು.

ಹಿಂದೆ ಸ್ಪ್ರಿಂಗ್ 240, ಸೀಟು 252. ಪೂರ್ತಿ ಜೋತಾಗ 12 ಮಿ.ಮೀ. ಸಡಿಲ. ಈ ಗಾಡಿಗೆ ಹಿಂದೆ ಸ್ಟಾಕ್ ಉದ್ದದ ಶಾಕ್ ನಡೆಯಲ್ಲ, ಎಷ್ಟೇ ಒಳ್ಳೇ ಬ್ರ್ಯಾಂಡ್ ಆಗಿರ್ಲಿ. ಪೂರ್ತಿ ಚಾಚಿದಾಗಿನ ಉದ್ದ ಸ್ಟಾಕಿಗಿಂತ 25 ಮಿ.ಮೀ. ಕಮ್ಮಿ ಇರೋದೇ ಬೇಕು. ಶಾಕ್ ಸ್ಪ್ರಿಂಗಿಗಿಂತ ಹಿಂದೆ ಕೂತಿದ್ರೆ ಅದರ ಚಲನೆ ಸ್ಪ್ರಿಂಗಿನದಕ್ಕಿಂತ ಜಾಸ್ತಿ, ಹಾಗಾಗಿ 20ಕ್ಕೆ ನಿಲ್ಲಿಸಬೇಡಿ.

ಹಿಂದಿನ ಗ್ಯಾಪ್ 70ರಲ್ಲಿ 25 ಹೋಗಿ 45 ಉಳಿದಂತೆ ಕಾಣುತ್ತೆ. ಆದ್ರೆ ಅದು ಖಾಲಿ ಗಾಡಿ. ಹಿಂದಿನ ಆಕ್ಸಲ್ ಮೇಲೆ 150 ಕೆ.ಜಿ. ಬಿದ್ರೆ ಒಂದು ಬದಿಗೆ 75, ಅಂದ್ರೆ ಸುಮಾರು 735 ನ್ಯೂಟನ್. 27ರಿಂದ ಭಾಗಿಸಿದ್ರೆ 27 ಮಿ.ಮೀ. ಕುಸಿತ. ಸ್ಪ್ರಿಂಗ್ ಚಕ್ರಕ್ಕಿಂತ ಮುಂದೆ ಕೂತಿದ್ರೆ ಇನ್ನೂ ಜಾಸ್ತಿ. ಸಾಮಾನು ಸಮೇತ ಹಿಂದೆ ಇಬ್ಬರು ಕೂತರೆ ಉಳಿಯೋದು 18 ಅಥವಾ ಅದಕ್ಕೂ ಕಮ್ಮಿ. ಬಾಡಿಯೂ ಗಿಡ್ಡ ಇರುವ ಶಾಕ್ ಸಿಕ್ಕರೆ ಇದೂ ಬಗೆಹರಿಯುತ್ತೆ. ರಾಡ್ ಮಾತ್ರ ಗಿಡ್ಡ ಮಾಡಿದ್ದು, ಅಥವಾ ಒಳಗೆ ಸ್ಪೇಸರ್ ಹಾಕಿ ಚಾಚೋದನ್ನಷ್ಟೇ ತಡೆದದ್ದು ಬಂಪ್ ಕಡೆ ಏನೂ ಕೊಡಲ್ಲ. ಕೊಳ್ಳುವಾಗ ಎರಡೂ ಉದ್ದ ಕೇಳಿ: ಪೂರ್ತಿ ಚಾಚಿದ್ದು, ಪೂರ್ತಿ ಒತ್ತಿದ್ದು.

ನಾಲ್ಕನೇಗೇರ್:

ಇಷ್ಟೆಲ್ಲ ಯಾಕೆ ಗುರು, ನಾಲ್ಕೂ ಕಡೆ ಮಾನೊಟ್ಯೂಬ್ (ಒಂದೇ ಕೊಳವೆಯ ಶಾಕ್) ಹಾಕಿ ಮುಗಿಸಿ. ಟ್ವಿನ್ ಟ್ಯೂಬ್ (ಕೊಳವೆಯೊಳಗೆ ಕೊಳವೆ) ಎಲ್ಲ ಸ್ಟಾಕ್ ಗಾಡಿಗೆ.

ಸ್ಪ್ರಿಂಗ್‌ರೇಟ್:

@ನಾಲ್ಕನೇಗೇರ್, ಮಾನೊಟ್ಯೂಬ್ ಒಳ್ಳೇದೇ. ಶಾಖ ಬೇಗ ಬಿಡುತ್ತೆ, ಎಣ್ಣೆ ನೊರೆಯಾಗಲ್ಲ. ಆದ್ರೆ ಅದರಲ್ಲಿ ಗ್ಯಾಸ್ ಒತ್ತಡ 20–30 ಬಾರ್, ಟ್ವಿನ್ ಟ್ಯೂಬ್‌ನಲ್ಲಿ ಅದರ ಸಣ್ಣ ಪಾಲು. 11 ಮಿ.ಮೀ. ರಾಡಿನ ಅಡ್ಡಕೊಯ್ತ 95 ಚದರ ಮಿ.ಮೀ.; 25 ಬಾರ್‌ನಲ್ಲಿ ಅದು ಸುಮಾರು 240 ನ್ಯೂಟನ್, ಅಂದ್ರೆ 24 ಕೆ.ಜಿ. ಜೋರಿನಿಂದ ಸದಾ ಗಾಡಿಯನ್ನ ಮೇಲಕ್ಕೆ ತಳ್ಳುತ್ತೆ. ಇವರ 27ರ ಸ್ಪ್ರಿಂಗ್ ಮೇಲೆ ಅದು ಸುಮಾರು 9 ಮಿ.ಮೀ. ಎತ್ತರ. ಹಿಂದೆ 25 ಇಳಿಸೋಕೆ ಹೋಗಿ 16 ಸಿಗುತ್ತೆ. ಮುಂದೆ ಟ್ವಿನ್ ಟ್ಯೂಬ್ ಹಾಕಿ ಹಿಂದೆ ಮಾತ್ರ ಮಾನೊ ಹಾಕಿದ್ರೆ ಗಾಡಿ ಬಾಲ ಎತ್ತಿ ನಿಲ್ಲುತ್ತೆ. ಲೆಕ್ಕ ತಿಳಿದು ಹಾಕಿದ್ರೆ ತಪ್ಪಿಲ್ಲ. ಬರೀ ಶೇ. 12 ಹೆಚ್ಚು ರೀಬೌಂಡ್ ಬೇಕಾದ ಗಾಡಿಗೆ, ಬಜೆಟ್ ಇಲ್ಲ ಅನ್ನೋರಿಗೆ, ಅದು ಅನಿವಾರ್ಯವೂ ಅಲ್ಲ.

ಬಿಡಿಭಾಗ:

ಕೊಳ್ಳೋ ವಿಷಯ ನಾನು ಹೇಳ್ತೀನಿ. ಮಾರ್ಕೆಟ್‌ನಲ್ಲಿರೋದನ್ನ ಹೀಗೆ ನೋಡಿ.

ಕೆಳ ಹಂತದಲ್ಲಿ ಕಂಪನಿ ಗುಣಮಟ್ಟದ ಬದಲಿ ಶಾಕ್‌ಗಳು: ಕೆವೈಬಿ ಎಕ್ಸೆಲ್-ಜಿ, ಬಿಲ್‌ಸ್ಟೈನ್ ಬಿ4, ಸ್ಯಾಕ್ಸ್, ಮನ್ರೋ. ಉದ್ದ ಸ್ಟಾಕ್, ಡ್ಯಾಂಪಿಂಗ್ ಹೊಸ ಸ್ಟಾಕ್‌ಗೆ ಹತ್ತಿರ. ಸ್ಪ್ರಿಂಗ್ ಶೇ. 10–15 ಗಟ್ಟಿ, ಇಳಿಕೆ 20 ಮಿ.ಮೀ. ಆಸುಪಾಸು ಇದ್ರೆ ಇವೇ ಸಾಕು. ನಿಮ್ಮ ಸ್ಪ್ರಿಂಗ್‌ಗೆ ಅಂಚಿನಲ್ಲಿವೆ.

ಮಧ್ಯದಲ್ಲಿ ಕೋನಿ ಎಸ್‌ಟಿಆರ್.ಟಿ. ಇದರಲ್ಲಿ ಅಡ್ಜಸ್ಟ್‌ಮೆಂಟ್ ಇಲ್ಲ, ಡ್ಯಾಂಪಿಂಗ್ ಸ್ಟಾಕ್‌ಗಿಂತ ಬಿಗಿ, ಸೌಮ್ಯ ಲೋವರಿಂಗ್ ಸ್ಪ್ರಿಂಗ್ ಮನಸ್ಸಿನಲ್ಲಿಟ್ಟೇ ಮಾಡಿದ್ದು. ಟೈನ್ ಎಂಡ್ಯುರಾಪ್ರೊ ಕೂಡ ಇದೇ ಸಾಲಿಗೆ ಬರುತ್ತೆ. ಸ್ಟ್ರೋಕಿನ ಕೊನೆಯಲ್ಲಿ ತಡೆ ಹೆಚ್ಚಿಸೋ ಹೈಡ್ರಾಲಿಕ್ ಬಂಪ್ ಸ್ಟಾಪರ್ ಒಳಗೇ ಇದೆ, ಟ್ರಾವೆಲ್ ಕಮ್ಮಿ ಇರುವ ಗಾಡಿಗೆ ಅದು ದೊಡ್ಡ ಉಪಕಾರ. ಅದರ ಪ್ಲಸ್ ಆವೃತ್ತಿಗೆ 16 ಹಂತದ ಅಡ್ಜಸ್ಟರ್ ಇದೆ.

ಮೇಲೆ ಬಿಲ್‌ಸ್ಟೈನ್ ಬಿ6, ಬಿ8, ಕೋನಿ ಸ್ಪೋರ್ಟ್. ಬಿ6, ಬಿ8 ವ್ಯತ್ಯಾಸ ಗೊತ್ತಿಲ್ಲದೆ ತಪ್ಪು ತರಿಸೋರು ಬಹಳ: ಬಿ6 ಸ್ಟಾಕ್ ಉದ್ದದ್ದು, ಬಿ8 ಲೋವರಿಂಗ್ ಸ್ಪ್ರಿಂಗ್‌ಗೆ ಅಂತಲೇ ಗಿಡ್ಡ ಮಾಡಿದ್ದು. ಕೋನಿ ಸ್ಪೋರ್ಟ್‌ನಲ್ಲಿ ರೀಬೌಂಡ್ ಮಾತ್ರ ಅಡ್ಜಸ್ಟ್ ಆಗುತ್ತೆ, ಈ ಕೆಲಸಕ್ಕೆ ಬೇಕಾದ್ದೂ ಅದೇ.

ನಿಮ್ಮ ಅಳತೆ ನೋಡಿದ್ರೆ ನನ್ನ ಆಯ್ಕೆ: ಮುಂದೆ ಮಧ್ಯದ ಹಂತದ ಸ್ಟಾಕ್ ಉದ್ದದ ಸ್ಟ್ರಟ್, 15 ಮಿ.ಮೀ. ಕತ್ತರಿಸಿದ ಬಂಪ್ ಸ್ಟಾಪ್. ದುಡ್ಡು ಹಿಂದೆ ಹಾಕಿ, ಗಿಡ್ಡ ಶಾಕ್ ತನ್ನಿ. ಸ್ಪ್ರಿಂಗ್ ಬೇರೆ ಇರುವ ಹಿಂದಿನ ಶಾಕ್ ಸರಳ ವಸ್ತು, ಅದಕ್ಕೆ ಸ್ಟ್ರಟ್‌ಗಿಂತ ಬೆಲೆ ಕಮ್ಮಿ. ಗಿಡ್ಡದ್ದು ತಗೊಂಡ್ರೂ ಒಟ್ಟು ಲೆಕ್ಕ ಅಷ್ಟೇನೂ ಏರಲ್ಲ. ಎರಡು ಕಡೆ ಬೇರೆ ಬ್ರ್ಯಾಂಡ್ ಆದ್ರೂ ಪರವಾಗಿಲ್ಲ, ಒಂದೇ ಆಕ್ಸಲ್‌ನಲ್ಲಿ ಎಡ ಬಲ ಬೇರೆ ಆಗಕೂಡದು. ಹಿಂದಿನದು ಮಾನೊಟ್ಯೂಬ್ ಆದ್ರೆ ಮೇಲೆ ಹೇಳಿದ 9 ಮಿ.ಮೀ. ಲೆಕ್ಕ ನೆನಪಿರಲಿ.

ಹೆಚ್ಚು ಜನ ನೋಡದೇ ಇರೋ ಇನ್ನೊಂದು ಮೂಲ: ನಿಮ್ಮದೇ ಮಾಡೆಲ್‌ನ ಸ್ಪೋರ್ಟ್ ಆವೃತ್ತಿಗೆ ಕಾರ್ ಕಂಪನಿ ಹಾಕುವ ಶಾಕ್. ಅದು ಆಗಲೇ 10–15 ಮಿ.ಮೀ. ತಗ್ಗಿದ ಸ್ಪ್ರಿಂಗ್‌ಗೆ ಹೊಂದಿಸಿದ್ದು. ತರಿಸುವ ಮುಂಚೆ ಪಾರ್ಟ್ ನಂಬರ್ ಹೋಲಿಸಿ, ಸ್ಟ್ರಟ್ ಸ್ಟೀರಿಂಗ್ ನಕಲ್‌ಗೆ (ಚಕ್ರದ ಹಬ್ ಹಿಡಿಯುವ ಲೋಹದ ಭಾಗ) ಸೇರೋ ಜಾಗದ ವ್ಯಾಸ ಅಳೆಯಿರಿ. ಒಂದೇ ಮಾಡೆಲ್‌ನಲ್ಲಿ ಎರಡು ವ್ಯಾಸ ಬರೋದುಂಟು. ಫೋಕ್ಸ್‌ವ್ಯಾಗನ್ ಗಾಲ್ಫ್ ಐದನೇ ಪೀಳಿಗೆಯಲ್ಲಿ 50 ಮತ್ತು 55 ಮಿ.ಮೀ. ಎರಡೂ ಇವೆ. ಸ್ಟೆಬಿಲೈಸರ್ ಲಿಂಕ್ ಕಿವಿ, ಬ್ರೇಕ್ ಹೋಸ್ ಬ್ರಾಕೆಟ್, ಸ್ಪ್ರಿಂಗ್ ಸೀಟಿನ ಎತ್ತರ, ಮೂರೂ ಹೊಂದಬೇಕು. ಸೀಟ್ 10 ಮಿ.ಮೀ. ಮೇಲಿದ್ರೆ ಗಾಡಿಯೂ ಅಷ್ಟೇ ಮೇಲೆ ನಿಲ್ಲುತ್ತೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ: ರಾಡ್ ಮೇಲಾಗಿ ನೇರ ನಿಲ್ಲಿಸಿ ಪೂರ್ತಿ ಒತ್ತಿ ಬಿಡಿ. ಗ್ಯಾಸ್ ಶಾಕ್ ತಾನಾಗಿ ನಿಧಾನಕ್ಕೆ ಹೊರಬರಬೇಕು, ಜೋಡಿ ಎರಡೂ ಒಂದೇ ವೇಗದಲ್ಲಿ. ಕೆಲ ಸಲ ಒತ್ತಿ ಎಳೆದು ಗಾಳಿ ಬಿಡಿಸಿದ ಮೇಲೂ ದಿಕ್ಕು ಬದಲಾಗೋ ಹೊತ್ತಲ್ಲಿ ಕೈಗೆ ಖಾಲಿ ಸಿಕ್ಕಿದ್ರೆ ಬೇಡ. ರಾಡ್ ಮೇಲೆ ಉಗುರು ಆಡಿಸಿ, ಉಗುರು ಸಿಕ್ಕಿಕೊಳ್ಳೋ ಗೀರಿದ್ರೂ ಬೇಡ, ಅದು ಸೀಲ್ ಕುಯ್ಯುತ್ತೆ. ಮೈಮೇಲೆ ಒಣ ಧೂಳು ಅಂಟಿದ ತೆಳು ಎಣ್ಣೆಪಸೆ ಇದ್ರೆ ಹೆದರಬೇಡಿ. ಹನಿ ಇಳಿದ ಗೆರೆ ಇದ್ರೆ ಸೋರಿಕೆ.

ಅಗ್ಗದ ಕಾಯಿಲ್‌ಓವರ್ ಬಗ್ಗೆ ಕೇಳಿದ್ರಿ. ಎತ್ತರ ಅಡ್ಜಸ್ಟ್ ಆಗೋದೊಂದೇ ಲಾಭ. ಸ್ಟ್ರೋಕ್ ಎಷ್ಟು, ಸ್ಪ್ರಿಂಗ್ ರೇಟ್ ಎಷ್ಟು ಅಂತ ಬರೆದಿರದ ಕಿಟ್ಟನ್ನ ಮುಟ್ಟಬೇಡಿ. ಕೈಲಿ ಆಗಲೇ ಸ್ಪ್ರಿಂಗ್ ಇದೆಯಲ್ಲ, ಆ ದುಡ್ಡಿಗೆ ಒಳ್ಳೇ ಶಾಕ್, ಹೊಸ ಟಾಪ್ ಮೌಂಟ್ (ಸ್ಟ್ರಟ್ ತಲೆಯನ್ನ ಗಾಡಿಗೆ ಸೇರಿಸುವ ಭಾಗ) ಎರಡೂ ಬರುತ್ತೆ.

ಹಳೇಪಾನಾ:

ಕೂರಿಸುವಾಗ ಹಾಳುಮಾಡೋದು ಎಲ್ಲಿ ಅಂತ ಮಾತ್ರ ಹೇಳ್ತೀನಿ, ಮಿಕ್ಕಿದ್ದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ.

ಟ್ವಿನ್ ಟ್ಯೂಬ್ ಶಾಕ್ ಗೋಡೌನ್‌ನಲ್ಲಿ ಮಲಗಿಸಿಟ್ಟಿರ್ತಾರೆ, ಗ್ಯಾಸು ಒಳ ಸಿಲಿಂಡರಿಗೆ ಸೇರಿಕೊಂಡಿರುತ್ತೆ. ಹಾಕುವ ಮುಂಚೆ ರಾಡ್ ಮೇಲಾಗಿ ನಿಲ್ಲಿಸಿ ನಿಧಾನವಾಗಿ ಪೂರ್ತಿ ಎಳೆದು ಒತ್ತಿ, ನಾಲ್ಕೈದು ಸಲ. ಮೊದಮೊದಲು ಕುಲುಕಿದಂತಾಗಿ ಆಮೇಲೆ ಒಂದೇ ಸಮ ಆಗುತ್ತೆ. ಇದನ್ನ ಬಿಟ್ರೆ ಹೊಸ ಶಾಕಿನಲ್ಲೇ ಟಕ್ ಟಕ್ ಸದ್ದು.

ಸ್ಪ್ರಿಂಗ್ ಕಂಪ್ರೆಸರ್ ಎರಡು, ಎದುರುಬದುರು, ಎರಡನ್ನೂ ಸರದಿ ಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಮೇಲಿನ ಮಧ್ಯದ ನಟ್‌ಗೆ ಇಂಪ್ಯಾಕ್ಟ್ ಗನ್ ಬೇಡ. ರಾಡ್ ಗಿರಗಿರ ಸುತ್ತಿ ಸೀಲು ಸುಡುತ್ತೆ, ಒಳಗಿನ ಪಿಸ್ಟನ್ ನಟ್ ಸಡಿಲ ಆಗುತ್ತೆ. ಅಲೆನ್ ಕೀಯಿಂದ ರಾಡ್ ಹಿಡಿದು ರಿಂಗ್ ಪಾನಾದಿಂದ ಬಿಗಿ ಮಾಡಿ. ಇಕ್ಕಳದಿಂದ ರಾಡ್ ಹಿಡಿದ್ರೆ ಆ ಶಾಕ್ ಅಲ್ಲಿಗೆ ಮುಗೀತು.

ಸ್ಪ್ರಿಂಗಿನ ಕೆಳತುದಿ ಸೀಟಿನ ಮೆಟ್ಟಿಲಿಗೆ ತಾಗುವಂತೆ ಕೂರಿಸಿ. ಇಲ್ಲದಿದ್ರೆ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ತಿರುಚಿಕೊಂಡು ಟಂಗ್ ಅಂತ ಬಿಡುತ್ತೆ. ಟಾಪ್ ಮೌಂಟ್ ಬೇರಿಂಗ್ ಸವೆದಿದ್ರೂ ಅದೇ ಸದ್ದು, ಹಾಗಾಗಿ ಮೌಂಟ್, ಬೇರಿಂಗ್, ಧೂಳುಕವಚ ಈಗಲೇ ಹೊಸದು ಹಾಕಿಬಿಡಿ.

ಎಲ್ಲರೂ ಮರೆಯೋದು ಬುಶ್ (ಕೀಲುಗಳಲ್ಲಿರೋ ರಬ್ಬರ್ ಬಳೆ). ಲೋವರ್ ಆರ್ಮ್ ಬುಶ್, ಹಿಂದಿನ ಬೀಮ್ ಬುಶ್, ಶಾಕಿನ ಕೆಳಗಿನ ಬೋಲ್ಟ್, ಇವುಗಳ ರಬ್ಬರ್ ಒಳತೋಳಿಗೆ ಅಂಟಿರುತ್ತೆ. ಹಳೇ ಎತ್ತರದಲ್ಲಿ ಬಿಗಿ ಮಾಡಿದ್ದನ್ನ ಹಾಗೇ ಬಿಟ್ರೆ ಗಾಡಿ ತಗ್ಗಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಸೀಳುತ್ತೆ, ಗಾಡಿಯೂ ಒಂದಿಷ್ಟು ಮೇಲೇ ನಿಲ್ಲುತ್ತೆ. ಗಾಡಿ ಚಕ್ರಗಳ ಮೇಲೆ ನಿಂತಿರುವಾಗ ಆ ಬೋಲ್ಟ್‌ಗಳನ್ನ ಸಡಿಲಿಸಿ, ಗಾಡಿ ಕುಲುಕಿ, ಮತ್ತೆ ಟಾರ್ಕ್ ಮಾಡಿ.

ಅಲೈನ್‌ಮೆಂಟ್ ಅದೇ ದಿನ ಮಾಡಿಸಿ, ಸ್ಪ್ರಿಂಗ್ ಹದಕ್ಕೆ ಕೂತ ಮೇಲೆ ಇನ್ನೊಂದು ಸಲ. 30 ಮಿ.ಮೀ. ಇಳಿದ್ರೆ ಮುಂದೆ ಅರ್ಧದಿಂದ ಒಂದು ಡಿಗ್ರಿವರೆಗೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲೋದು) ಬರಬಹುದು. ಟೈರ್ ತಿನ್ನೋದು ಅದಕ್ಕಿಂತ ಹೆಚ್ಚಾಗಿ ಅದರ ಜೊತೆ ಕೆಟ್ಟ ಟೋ (ಚಕ್ರ ನೇರ ನೋಡದೆ ಒಳಕ್ಕೋ ಹೊರಕ್ಕೋ ತಿರುಗಿರೋದು). ಟೋ ಸರಿಯಿದ್ರೆ ಅಷ್ಟು ಕ್ಯಾಂಬರಿಗೆ ಟೈರ್ ತಡ್ಕೊಳ್ಳುತ್ತೆ. ಹೆಡ್‌ಲೈಟ್ ಎತ್ತರವೂ ನೋಡಿ. ಮುಂದೆ 30, ಹಿಂದೆ 25 ಇಳಿದ್ರೆ ಬೆಳಕು ಹತ್ತಿರ ಬೀಳುತ್ತೆ.

ತಗ್ಗುಗಾಡಿ:

ತುಂಬಾ ಥ್ಯಾಂಕ್ಸ್. ಮುಂದೆ 16 ಹಂತದ ಅಡ್ಜಸ್ಟರ್ ಇರೋದನ್ನೇ ತಗೋತೀನಿ, ಹಿಂದೆ ಗಿಡ್ಡ ಟ್ವಿನ್ ಟ್ಯೂಬ್. ಹಾಕಿದ ಮೇಲೆ ಮುಂದಿನದನ್ನ ಎಲ್ಲಿಗೆ ಸೆಟ್ ಮಾಡಬೇಕು ಅಂತ ತಿಳಿಯೋದು ಹೇಗೆ?

ಗ್ರೀಸ್‌ಕೈ:

ಎಡ ಬಲ ಎರಡರ ನಾಬೂ ಪ್ರದಕ್ಷಿಣೆಯಾಗಿ ಪೂರ್ತಿ ಗಟ್ಟಿಗೆ ತಿರುಗಿಸಿ, ಅದನ್ನ ಸೊನ್ನೆ ಅಂತಿಟ್ಟುಕೊಂಡು ಹಿಂದಕ್ಕೆ 12 ಕ್ಲಿಕ್ ಎಣಿಸಿ. ಮೆತ್ತಗಿನ ಕಡೆಯಿಂದ ಶುರು ಮಾಡಿ. ಒಂದೇ ಹಂಪನ್ನ ಒಂದೇ ವೇಗದಲ್ಲಿ ದಾಟಿ ನೋಡಿ. ದಾಟಿದ ಮೇಲೆ ಮೂತಿ ಎದ್ದು, ಇಳಿದು, ಮತ್ತೆ ಏಳ್ತಿದ್ರೆ ಎರಡು ಕ್ಲಿಕ್ ಬಿಗಿ ಮಾಡಿ. ಎರಡನೇ ಏಳುವಿಕೆ ನಿಂತ ಜಾಗವೇ ನಿಮ್ಮ ಸೆಟ್ಟಿಂಗ್, ಅಲ್ಲಿಂದ ಮುಂದಕ್ಕೆ ಹೋಗಬೇಡಿ.

ಜೊತೆಗೆ ಸ್ಟ್ರಟ್ ರಾಡಿಗೆ ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನ, ಬೆರಳಲ್ಲಿ ಜರುಗುವಷ್ಟು ಮಾತ್ರ ಬಿಗಿಯಾಗಿ ಕಟ್ಟಿ ಬಾಡಿ ತಲೆಗೆ ತಾಗುವಂತೆ ಕೆಳಗಿಳಿಸಿ. ಗಾಡಿ ಓಡಿಸಿ ಬಂದು ನೋಡಿದ್ರೆ ಬಾಡಿ ಎಷ್ಟು ಮೇಲೆ ಬಂದಿತ್ತೋ ಅಲ್ಲಿಗೆ ಟೈ ತಳ್ಳಲ್ಪಟ್ಟಿರುತ್ತೆ. ನಿಮ್ಮ ಗ್ಯಾಪ್ 32. ದಿನದ ರಸ್ತೆಯಲ್ಲಿ ಟೈ 25ರ ಸುತ್ತ ನಿಂತ್ರೆ ಚೆನ್ನಾಗಿದೆ, ದೊಡ್ಡ ಗುಂಡಿಗೆ ಮಾತ್ರ 32 ಮುಟ್ಟಲಿ. ಪ್ರತಿ ಸಲವೂ ಟೈ ಬಂಪ್ ಸ್ಟಾಪ್‌ಗೆ ಸಿಕ್ಕಿ ಜಜ್ಜಿ ಹೋಗಿದ್ರೆ ಮೊದಲು ಎರಡು ಕ್ಲಿಕ್ ಮೆತ್ತಗೆ ಮಾಡಿ ನೋಡಿ: ಟೈ ಕೆಳಗಿಳಿದ್ರೆ ರೀಬೌಂಡ್ ಅತಿಯಾಗಿ ಗಾಡಿ ತಗ್ಗಿಕೊಂಡು ಓಡ್ತಿತ್ತು ಅಂತ. ಇಳೀಲಿಲ್ಲ ಅಂದ್ರೆ ಟ್ರಾವೆಲ್ಲೇ ಸಾಲ್ತಿಲ್ಲ, ನಾಬಿನಿಂದ ಅದು ಸರಿಹೋಗಲ್ಲ. ನೋಡಿ ಆದ ಮೇಲೆ ಟೈ ಕತ್ತರಿಸಿ ತೆಗೆದು ಧೂಳುಕವಚ ಕೆಳಗೆಳೆದು ಕೂರಿಸಿ.